ನಾಯಿ ಪ್ಲೇಟಿನ ಕಂಪನಿ, ನಿಮ್ಮೂರಿನ ಗೌಹರ್ ಜಾನ್

ಗೆಳೆಯಾ,

ಅಮ್ಮನಿಗೆ ಸರಿಗಮ ಕಂಪನಿಯ ಕಾರವಾನ್, ಆ ಹಳೆಯ ಹಾಡು ತುಂಬಿದ ಪೆಟ್ಟಿಗೆ, ಕೊಡಿಸಿದ್ದು ಒಳ್ಳೆಯದಾಯಿತು. "ಸತ್ತವರ ಹಾಡು ಡಬ್ಬಿಗೆ ತುಂಬಿ ದುಡ್ಡು ಮಾಡ್ತಾರಲ್ಲ, ಯಾರೋ ಇವರು?" ಅಂತ ಫೋನಿನಲ್ಲಿ ಕೇಳಿದೆ. ಅಲ್ಲೇ ಹೇಳಿ ಮುಗಿಸುವ ಕಥೆಯಲ್ಲ, ಅದಕ್ಕೇ ಈ ಕಾಗದ.

ಸರಿಗಮ ಅಂದರೆ ಬೇರೆ ಯಾರೂ ಅಲ್ಲ, ನಿಮ್ಮ ತಾತನ ಅಟ್ಟದ ಮೇಲಿದ್ದ, ನಾಯಿ ಚಿತ್ರದ ಗ್ರಾಮಫೋನ್ ಪ್ಲೇಟಿನ ಎಚ್‌ಎಂವಿ. 2000ದಲ್ಲಿ ಹೆಸರು ಬದಲಾಯಿತು, ಅಷ್ಟೆ. ಆ ನಾಯಿ ನಿಪ್ಪರ್. ಚಿತ್ರ ಬರೆದ ಫ್ರಾನ್ಸಿಸ್ ಬರಾಡ್ ಮೊದಲು ಅದರ ಮುಂದೆ ಕೂರಿಸಿದ್ದು ಸಿಲಿಂಡರ್ ಯಂತ್ರವನ್ನು. 1899ರಲ್ಲಿ ಲಂಡನ್ನಿನ ಗ್ರಾಮಫೋನ್ ಕಂಪನಿ, ನಮ್ಮ ಯಂತ್ರ ಬರೆದುಕೊಟ್ಟರೆ ಕೊಳ್ಳುತ್ತೇವೆ ಎಂದಿತು. ಆತ ಹಳೆಯದರ ಮೇಲೆ ಬಣ್ಣ ಬಳಿದು ಹೊಸದನ್ನು ಬರೆದ. ಚಿತ್ರದ ಹೆಸರು 'ಹಿಸ್ ಮಾಸ್ಟರ್ಸ್ ವಾಯ್ಸ್', ಅಂದರೆ 'ಯಜಮಾನನ ದನಿ'. ಎಚ್‌ಎಂವಿ ಅಂದರೆ ಅದೇ. ದನಿಗೆ ಯಜಮಾನ ಯಾರು ಅನ್ನುವುದೇ ಆಮೇಲಿನ ನೂರು ವರ್ಷದ ಜಗಳ ನೋಡು.

ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಹಾಡು ಮುದ್ರಿಸಿಕೊಳ್ಳಲು 1902ರಲ್ಲಿ ಕಲ್ಕತ್ತೆಗೆ ಬಂದಿಳಿದ. ಅಲ್ಲಿಯ ಹೆಸರಾಂತ ಗಾಯಕಿ ಗೌಹರ್ ಜಾನ್ ಹಾಡಿದ್ದೇ ನಮ್ಮ ದೇಶದ ಮೊದಲ ಪ್ಲೇಟು ಅಂತ ಎಲ್ಲರೂ ಬರೆಯುತ್ತಾರೆ. ಆಕೆಗಿಂತ ಕೆಲವೇ ದಿನ ಮುಂಚೆ ನಾಟಕ ಕಂಪನಿಯ ಇಬ್ಬರು ಹುಡುಗಿಯರು, ಶಶಿಮುಖಿ ಮತ್ತು ಫಣಿಬಾಲ, ಹಾಡಿ ಹೋಗಿದ್ದರು. ಅವರ ಹೆಸರು ಯಾರ ಬಾಯಲ್ಲೂ ಉಳಿಯಲಿಲ್ಲ, ಪಾಪ.

ಆಗ ಮೈಕ್ ಎಲ್ಲಿತ್ತು? ಗೋಡೆಯಿಂದ ಚಾಚಿದ ದೊಡ್ಡ ಕಹಳೆಯೊಳಗೆ ಮುಖವಿಟ್ಟು ಕೂಗಿದಂತೆ ಹಾಡಬೇಕು. ಆಚೆ ಕಡೆ ಮುಳ್ಳು ಮೇಣದ ಮೇಲೆ ಗೀರುತ್ತದೆ. ಎರಡು ಮೂರು ನಿಮಿಷಕ್ಕೆ ಮೇಣ ಮುಗಿಯುತ್ತದೆ. ರಾತ್ರಿಯಿಡೀ ಒಂದೇ ರಾಗ ಬೆಳೆಸುವ ಎಷ್ಟೋ ಉಸ್ತಾದರು ಇದರ ಹತ್ತಿರವೂ ಸುಳಿಯಲಿಲ್ಲ. ಗೌಹರ್ ಆ ಮೂರು ನಿಮಿಷದೊಳಗೇ ಆಲಾಪ, ಬಂದಿಶ್, ತಾನ್ ಎಲ್ಲವನ್ನೂ ಮಡಚಿಟ್ಟಳು. ಸುಮ್ಮನೆ ಆಗುವ ಕೆಲಸವಲ್ಲ ಅದು. ಕೊನೆಯಲ್ಲಿ ಗತ್ತಿನಿಂದ ಇಂಗ್ಲಿಷಿನಲ್ಲಿ, ನಾನು ಗೌಹರ್ ಜಾನ್ ಅನ್ನುತ್ತಾಳೆ. ಜಂಬ ಅಂದುಕೊಂಡಿದ್ದೆ ನಾನು. ವಿಷಯ ಬೇರೆ. ಮೇಣದ ಅಚ್ಚು ಜರ್ಮನಿಯ ಹ್ಯಾನೋವರಿಗೆ ಹೋಗಬೇಕು, ಅಲ್ಲಿಯ ಕೆಲಸಗಾರರಿಗೆ ಯಾರ ಹಾಡು ಯಾವುದೆಂದು ತಿಳಿಯಬೇಕಲ್ಲ! ಇನ್ನೊಂದು ತಮಾಷೆ: ಆ ತಟ್ಟೆಗಳಿಗೆ ಬೇಕಾದ ಅರಗು ಹೆಚ್ಚಾಗಿ ಹೋಗುತ್ತಿದ್ದದ್ದು ನಮ್ಮ ದೇಶದ ಕಾಡುಗಳಿಂದ. ನಮ್ಮ ಅರಗು, ನಮ್ಮ ಹಾಡು, ಹಡಗಿನಲ್ಲಿ ಹೋಗಿ ಬಂದು ನಮಗೇ ಮಾರಾಟ. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲೇ ಕಾರ್ಖಾನೆ ಶುರುವಾಯಿತು.

ಆ ಗೌಹರ್ ಕೊನೆಗೆ ಬಂದದ್ದು ನಿಮ್ಮ ಮೈಸೂರಿಗೇ ಕಣೋ. ಕೋರ್ಟು ಕಚೇರಿ ಅಲೆದು ಆಸ್ತಿ ಕರಗಿತ್ತು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆಸ್ಥಾನಕ್ಕೆ ಕರೆಸಿಕೊಂಡರು. 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡಳು. ಸುಮಾರು 600 ಪ್ಲೇಟು ಕೊಟ್ಟ ಹೆಂಗಸು! ಆಗ ಹೆಚ್ಚಿನವರಿಗೆ ಸಿಗುತ್ತಿದ್ದದ್ದು ಒಂದೇ ಕಂತಿನ ಹಣ. ಹಾಡಿದೆಯಾ, ತಗೊ, ಹೋಗು.

ಕಂಪನಿ ಮಾತ್ರ ಬೆಳೆಯಿತು. 1931ರಲ್ಲಿ ಲಂಡನ್ನಿನಲ್ಲಿ ಕೊಲಂಬಿಯಾ ಜೊತೆ ಸೇರಿ ಇಎಂಐ ಆಯಿತು. ಇಲ್ಲಿ ಸಿನಿಮಾ ಹಾಡು ಅಂದರೆ ಹೆಚ್ಚುಕಮ್ಮಿ ಎಚ್‌ಎಂವಿಯೇ. ರಾಯಲ್ಟಿ, ಅಂದರೆ ಮಾರಾಟದಲ್ಲಿ ಪಾಲು, ಬೇಕೆಂದು ಲತಾ ಹಟ ಹಿಡಿದರು. ಹಣ ಸಂದ ಮೇಲೆ ಇನ್ನೇನು ಎಂದರು ರಫಿ. ಇಬ್ಬರೂ ಕೆಲವು ವರ್ಷ ಜೊತೆಗೆ ಹಾಡಲೇ ಇಲ್ಲ. ರಫಿ ಎಂಥ ಸಜ್ಜನರೇ ಇರಲಿ, ಈ ಜಗಳದಲ್ಲಿ ನಾನು ಲತಾ ಪಕ್ಷ.

ಆಮೇಲೆ ಕ್ಯಾಸೆಟ್ ಬಂತು. ಟಿ-ಸೀರೀಸ್‌ನ ಗುಲ್ಶನ್ ಕುಮಾರ್ ಹಳೆಯ ಹಾಡುಗಳನ್ನು ಬೇರೆ ಗಾಯಕರಿಂದ ಹಾಡಿಸಿ ಅಗ್ಗಕ್ಕೆ, ಬೀಡಾ ಅಂಗಡಿಯಲ್ಲೂ ಮಾರಿಸಿದ. ಹಾಗೆ ಮತ್ತೆ ಹಾಡಿಸಿಕೊಳ್ಳಲು ಕಾನೂನಿನಲ್ಲೇ ಸಂದಿಯಿತ್ತು. ಎಚ್‌ಎಂವಿ ಕಣ್ಣು ಬಿಡುವಷ್ಟರಲ್ಲಿ ಮಾರುಕಟ್ಟೆ ಕೈಬಿಟ್ಟಿತ್ತು. 1980ರ ದಶಕದಲ್ಲೇ ಕಂಪನಿ ಗೋಯೆಂಕಾಗಳ ಆರ್‌ಪಿಜಿ ಉದ್ಯಮ ಸಮೂಹದ ಪಾಲಾಯಿತು.

ಕಂಪನಿಯನ್ನು ಬದುಕಿಸಿದ್ದು ಅಟ್ಟದ ಸರಕೇ, ಆ ಹಳೆಯ ಹಾಡುಗಳೇ. 2017ರಲ್ಲಿ ಬಂದ ಕಾರವಾನ್‌ನಲ್ಲಿ 5000 ಹಾಡು ತುಂಬಿ, ಮುದುಕರೂ ತಿರುಗಿಸಬಲ್ಲ ಗುಂಡಿ ಇಟ್ಟರು. ಹೊಸ ಹಾಡು ಗೆದ್ದರೆ ಗೆದ್ದಿತು, ಬಿದ್ದರೆ ಬಿದ್ದಿತು. ಹಳೆಯದಕ್ಕೆ ಆ ಭಯವಿಲ್ಲ, ಖರ್ಚು ಎಂದೋ ತೀರಿದೆ. ಹಾಡು ಕಟ್ಟಿದವರ ಪಾಲು? ಕವಿಗಳೂ ಸಂಗೀತ ನಿರ್ದೇಶಕರೂ ರಾಯಲ್ಟಿಯ ಹಕ್ಕನ್ನು ಪೂರ್ತಿ ಬರೆದುಕೊಡುವಂತಿಲ್ಲ ಅಂತ ಕಾನೂನು ಆದದ್ದು 2012ರಲ್ಲಿ!

ಧ್ವನಿಮುದ್ರಣದ ಹಕ್ಕಿಗೆ ನಮ್ಮಲ್ಲಿ 60 ವರ್ಷದ ಗಡುವು. ಹಾಗಾಗಿ ಗೌಹರಳ ಆ ಪ್ಲೇಟುಗಳಿಗೆ ಈಗ ಯಜಮಾನರೇ ಇಲ್ಲ. ಯೂಟ್ಯೂಬಿನಲ್ಲಿ ಸಿಗುತ್ತದೆ, ಅಮ್ಮನಿಗೂ ಕೇಳಿಸು. ಗರಗರ ಸದ್ದು ಜಾಸ್ತಿ, ಕೊನೆಯವರೆಗೂ ಬಿಡಬೇಡ. ಕೊನೆಯಲ್ಲಿ ಹೆಸರು ಹೇಳುತ್ತಾಳೆ.

ಇಂತಿ ನಿನ್ನವ