ಕ್ಲಚ್ ಮೇಲೆ ಎರಡು ಬೆರಳು

ಕೋಥ್ರೂಡ್, ಪುಣೆ
ಭಾನುವಾರ ರಾತ್ರಿ

ತಂಗೀ,

ನೀನು ಫೋನ್ ಕಟ್ ಮಾಡಿದ ಮೇಲೆ ನಿಮ್ಮವ್ವ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಊಟಕ್ಕೆ ಬಡಿಸಿದಳು, ಅಷ್ಟೇ. ಮತ್ತೆ ಫೋನ್ ಮಾಡಿದರೆ ಮತ್ತೆ ಇಬ್ಬರೂ ದನಿ ಏರಿಸುತ್ತೇವೆ. ಅದಕ್ಕೇ ಬರೆಯಲು ಕೂತೆ. ಕಾಗದದಲ್ಲಿ ನೀನು ನಡುವೆ ಬಾಯಿ ಹಾಕುವಂತಿಲ್ಲ, ಅದೊಂದು ಅನುಕೂಲ.

ಮೊದಲು ಒಂದು ಮಾತು. ‘ಹೆಣ್ಣು ಹುಡುಗಿ ಒಬ್ಬಳೇ ಹೈವೇನಲ್ಲಿ’ ಅಂತ ನನ್ನ ಬಾಯಿಂದ ಬಂತಲ್ಲ, ಅದು ಬರಬಾರದಿತ್ತು. ಅದಕ್ಕೆ ತಪ್ಪಾಯಿತು ಅನ್ನುತ್ತೇನೆ. ಉಳಿದ ಮಾತಿಗಲ್ಲ. ಶಿವರಾತ್ರಿಗೆ ಇಲ್ಲಿಗೆ ಬಂದು, ನಾವಿಬ್ಬರೂ ಸೇರಿ ರಿಪೇರಿ ಮಾಡಿದ ಕಾಕಾನ ಹಳೇ ಯೆಜ್ಡಿ ಬೈಕನ್ನು ಓಡಿಸಿಕೊಂಡೇ ಬೆಂಗಳೂರಿಗೆ ಹೋಗುವುದು ನಿನ್ನ ಹಟ. ಟಾಕಿ ಖಾಲಿ ಮಾಡಿ, ಗೋಣಿತಾಟು ಸುತ್ತಿ, ರೈಲ್ವೆ ಪಾರ್ಸೆಲ್‌ಗೆ ಹಾಕೋಣ ಅನ್ನುವುದು ನನ್ನದು.

ಕಟ್ ಮಾಡುವ ಮುಂಚೆ ನೀನು ಕೇಳಿದಿ: ‘ಅಪ್ಪಾ, ನಿಮಗ ಗಾಡಿ ಮ್ಯಾಲೆ ನಂಬಿಕಿ ಇಲ್ಲೋ, ನನ್ನ ಮ್ಯಾಲೋ?’

ಗಾಡಿ ಮೇಲೆ ಇದೆ. ನಮ್ಮ ಮನೆಯ ಅಡುಗೆಮನೆಯಲ್ಲಿ ಜೋಡಿಸಿದ ಇಂಜಿನ್ ಅದು, ಯಾಕಿರಬಾರದು? ಧಾರವಾಡದಿಂದ ಟೆಂಪೋದಲ್ಲಿ ಬಂದಾಗ ಅದು ಹೇಗಿತ್ತು, ಸೊಸೈಟಿಯ ಸೆಕ್ರೆಟರಿ ಏನಂದರು, ಪೆಟ್ಟಿಗೆ ಪೆಟ್ಟಿಗೆ ಬೋಲ್ಟು ಎಲ್ಲಿಟ್ಟೆವು, ಅದೆಲ್ಲ ನಿನಗೆ ಗೊತ್ತು, ಬಿಡು. ಬೇರಿಂಗ್ ಕೂರಿಸಿದ ದಿನ ಮಾತ್ರ ನನಗೆ ಮರೆಯುವುದಿಲ್ಲ. ನಾನು ಸುತ್ತಿಗೆ, ಮರದ ತುಂಡು ಹಿಡಿದು ತಯಾರಾಗಿ ನಿಂತಿದ್ದೆ. ನೀನು ಬೇರಿಂಗನ್ನು ರಾತ್ರಿಯೇ ಫ್ರೀಜರಿನಲ್ಲಿ ಬಟಾಣಿ ಪೊಟ್ಟಣದ ಪಕ್ಕ ಇಟ್ಟಿದ್ದಿ. ಬೆಳಿಗ್ಗೆ ಇಂಜಿನ್ನಿನ ಹೊರಚಿಪ್ಪು, ಆ ಕ್ರ್ಯಾಂಕ್‌ಕೇಸ್ ಓವನ್ನಿಗೆ ಹೋಯಿತು. ನಿಮ್ಮವ್ವ ಹಣೆ ಹಣೆ ಬಡಿದುಕೊಂಡಳು. ನೀರಿನ ಹನಿ ಬಿದ್ದರೆ ಚುಂಯ್ ಅನ್ನುವಷ್ಟು ಕಾದ ಮೇಲೆ ಹೊರಗೆ ತೆಗೆದಿ. ಅಲ್ಯುಮಿನಿಯಂ ಬಿಸಿಗೆ ಹಿಗ್ಗಿತ್ತು, ಉಕ್ಕು ತಂಪಿಗೆ ಕುಗ್ಗಿತ್ತು. ಬೇರಿಂಗ್ ತಾನಾಗೇ ಟಕ್ ಅಂತ ಒಳಗೆ ಕೂತಿತು. ಸುತ್ತಿಗೆ ಮುಟ್ಟಲೇ ಇಲ್ಲ. ನಾನು ಏನೂ ಅನ್ನಲಿಲ್ಲ, ಸುಮ್ನೆ ಸುತ್ತಿಗೆ ಒಳಗಿಟ್ಟೆ. ಆದರೆ ಮರುದಿನ ಆಫೀಸಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಪಾಪ, ಅವರಿಗೆ ಬೇರಿಂಗ್ ಅಂದರೇನೋ ಗೊತ್ತಿಲ್ಲ.

ನಿನ್ನ ಮೇಲೆ ನಂಬಿಕೆ ಇದೆಯಾ ಅಂದರೆ, ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಬಲಗಡೆ ಟೂಲ್ ಡಬ್ಬಿ ಬಿಚ್ಚಿದಾಗ ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಒಂದು ಹಳೇ ಪಿಸ್ಟನ್ ಸಿಕ್ಕಿತ್ತಲ್ಲ. ಒಂದು ಪಕ್ಕದಲ್ಲಿ ಉದ್ದಕ್ಕೆ ಗೀರು. ನೀನು ಅದರ ಮೇಲೆ ಉಗುರು ಎಳೆದು ‘ಇದು ಯಾಕ ಇಟ್ಕೊಂಡಾರ ಕಾಕಾಜ್ಜ?’ ಅಂದಿ. ನಾನು ಗೊತ್ತಿಲ್ಲ ಅಂದೆ. ಗೊತ್ತಿತ್ತು.

ನಾನಾಗ ಏಳನೇ ಕ್ಲಾಸು. ಅಂಕೋಲೆಯಲ್ಲಿ ಒಂದು ಮದುವೆ. ಮನೆಯವರೆಲ್ಲ ಬಸ್ಸಿಗೆ ಹೋದರು. ನಾನು ಅತ್ತು ಕರೆದು ಕಾಕಾನ ಯೆಜ್ಡಿ ಹತ್ತಿದೆ. 1974ರ ಗಾಡಿ, ಆಗಿನ್ನೂ ಟಾಕಿಯ ಕ್ರೋಮಿನಲ್ಲಿ ಮುಖ ಕಾಣುತ್ತಿತ್ತು. ಮೈಸೂರಿನಲ್ಲಿ ನಮ್ಮವರೇ ಮಾಡಿದ ಗಾಡಿ ಅಂತ ಕಾಕಾನಿಗೆ ಭಾರೀ ಜಂಬ. (ಆ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದಾಗ ಅವನು ಮನೆಯವರು ಯಾರೋ ಹೋದ ಹಾಗೆ ಮಂಕಾಗಿ ಕೂತಿದ್ದ.) ಅವನಿಗೊಂದು ಚಾಳಿ. ಯೆಜ್ಡಿಯಲ್ಲಿ ಗೇರ್ ಲಿವರ್ ಒತ್ತಿದರೆ ಸಾಕು, ಕ್ಲಚ್ ತಾನೇ ಬಿಡುತ್ತದೆ, ಕೈ ಬೇಕಾಗಿಲ್ಲ. ಹಾಗಾಗಿ ಕಾಕಾ ಎಡಗೈಯನ್ನು ತೊಡೆ ಮೇಲಿಟ್ಟುಕೊಂಡು ಒಂದೇ ಕೈಯಲ್ಲಿ ಓಡಿಸುತ್ತಿದ್ದ. ದಾರಿಯಲ್ಲಿ ಹುಡುಗಿಯರು ಕಂಡರಂತೂ ತಪ್ಪದೆ.

ಯಲ್ಲಾಪುರ ದಾಟಿ ಅರಬೈಲ್ ಘಾಟ್ ಶುರುವಾಯಿತು. ಇಳಿಜಾರು. ಪೆಟ್ರೋಲು ಉಳಿಯುತ್ತದೆ ಅಂತ ಕಾಕಾ ಎಕ್ಸಲೇಟರ್ ಪೂರ್ತಿ ಮುಚ್ಚಿ, ಮೂರನೇ ಗೇರಿನಲ್ಲಿ ಇಂಜಿನ್ನಿಗೇ ಬ್ರೇಕ್ ಕೆಲಸ ಕೊಟ್ಟ. ಬಸ್ಸು ಲಾರಿಯವರು ಮಾಡುವುದೂ ಅದನ್ನೇ, ಅಲ್ವಾ? ಆದರೆ ಟೂ ಸ್ಟ್ರೋಕ್ ಇಂಜಿನ್ನಿಗೆ ಎಣ್ಣೆ ಬರುವುದೇ ಪೆಟ್ರೋಲಿನ ಜೊತೆ ಬೆರೆತು. ಎಕ್ಸಲೇಟರ್ ಮುಚ್ಚಿದರೆ ಪೆಟ್ರೋಲು ಬರುವುದೂ ತೀರಾ ಕಡಿಮೆ, ಎಣ್ಣೆಯೂ ಅಷ್ಟೇ. ಚಕ್ರ ಮಾತ್ರ ಇಂಜಿನ್ನನ್ನು ಒಣಗಿದ್ದರೂ ಬಿಡದೆ ತಿರುಗಿಸುತ್ತಲೇ ಇರುತ್ತದೆ. ಇದು ನಿನಗೆ ಗೊತ್ತು. ಆವತ್ತು ನಮಗೆ ಗೊತ್ತಿರಲಿಲ್ಲ.

ಒಂದು ತಿರುವಿನಲ್ಲಿ ಕೆಳಗಿನಿಂದ ಲಾರಿ ಹಾರ್ನ್ ಹೊಡೆಯಿತು. ಕಾಕಾ ಎಡಗೈ ತೊಡೆಯಿಂದ ಎತ್ತಿ ಹ್ಯಾಂಡಲ್ ಹಿಡಿದ. ಅಷ್ಟೇ ಹೊತ್ತು. ಇಂಜಿನ್ನಿನಿಂದ ಕಿರ್ ಅಂತ ಒಂದು ಸದ್ದು, ಆಮೇಲೆ ಸದ್ದೇ ಇಲ್ಲ. ಹಿಂದಿನ ಚಕ್ರ ಹಿಡಿದುಕೊಂಡಿತು. ಗಾಡಿಯ ಬಾಲ ಕಣಿವೆ ಕಡೆ ಹೊರಳಿತು. ನನ್ನ ಬಲ ಮೊಣಕಾಲು ಲಾರಿಯ ಬದಿಗೆ ಸವರಿದ್ದು ಈಗಲೂ ಗೊತ್ತಾಗುತ್ತದೆ. ಕಾಕಾ ಕ್ಲಚ್ ಎಳೆದ. ಚಕ್ರ ಬಿಟ್ಟುಕೊಂಡಿತು, ಗಾಡಿ ನೆಟ್ಟಗಾಯಿತು, ರಸ್ತೆಯಂಚಿನ ತಡೆಗಲ್ಲಿನ ಹತ್ತಿರ ನಿಂತಿತು.

ನಾನು ಇಳಿದೆ. ಕಾಕಾ ಇಳಿಯಲಿಲ್ಲ. ಎಡಗೈಯ ನಾಲ್ಕೂ ಬೆರಳು ಕ್ಲಚ್ ಹಿಡಿಕೆಗೆ ಬಿಗಿದುಕೊಂಡಿದ್ದವು. ಬಲಗೈಯಿಂದ ಒಂದೊಂದೇ ಬೆರಳು ಬಿಡಿಸಿಕೊಂಡ. ಆಮೇಲೆ ಕಲ್ಲಿನ ಮೇಲೆ ಕೂತು ಒಂದು ಬೀಡಿ ಹಚ್ಚಲು ಹೋದ, ಕಡ್ಡಿ ಹತ್ತಲಿಲ್ಲ, ಕೈ ಅಷ್ಟು ನಡುಗುತ್ತಿತ್ತು. ಇಂಜಿನ್ ತಣ್ಣಗಾಗುವವರೆಗೆ ಕಾದೆವು. ಪ್ಲಗ್ ಬಿಚ್ಚಿ ಎಣ್ಣೆ ಹನಿಸಿ, ಮೆಲ್ಲಗೆ ಕಿಕ್ ಒತ್ತಿ ಒತ್ತಿ ಪಿಸ್ಟನ್ ಬಿಡಿಸಿದ. ಮೆಲ್ಲಗೆ ಓಡಿಸಿಕೊಂಡು ಅಂಕೋಲೆ ಮುಟ್ಟಿದೆವು. ‘ನಿಮ್ಮವ್ವಗ ಹೇಳಬ್ಯಾಡೋ’ ಅಂದ. ನಾನು ಯಾರಿಗೂ ಹೇಳಲಿಲ್ಲ. ಅಜ್ಜಿಗೂ, ನಿಮ್ಮವ್ವನಿಗೂ ಇವತ್ತಿನವರೆಗೆ ಹೇಳಿಲ್ಲ.

ನನಗೆ ರಾತ್ರಿ ಎಚ್ಚರವಾದರೆ ಲೆಕ್ಕ ಶುರುವಾಗುತ್ತದೆ. ಆ ಲಾರಿ ಬರದೇ ಇದ್ದಿದ್ದರೆ? ಕಾಕಾನ ಎಡಗೈ ತೊಡೆ ಮೇಲೆಯೇ ಇರುತ್ತಿತ್ತು. ತೊಡೆಯಿಂದ ಹ್ಯಾಂಡಲಿಗೆ ಕೈ ಬರಲು ಎಷ್ಟು ಹೊತ್ತು? ತಡೆಗಲ್ಲು ಎಷ್ಟು ಎತ್ತರ? ಇಷ್ಟು ವರ್ಷ ಆದರೂ ಲೆಕ್ಕ ಮುಗಿದಿಲ್ಲ.

ಈಗ ಕೇಳು. ಹೋದ ವಾರ ನಿನ್ನ ಗೆಳತಿ ತೆಗೆದ ವಿಡಿಯೋ ಕಳಿಸಿದಿ. ಜನವರಿಯಲ್ಲಿ ಪಾಷಾಣ ಕೆರೆ ಕಡೆ ಓಡಿಸಿದ್ದು. ಇಂಜಿನ್ ಸದ್ದು ಎಷ್ಟು ಚಂದ ಕೇಳುತ್ತದೆ, ಎರಡೂ ಸೈಲೆನ್ಸರಿನಿಂದ ತೆಳ್ಳಗೆ ಹೊಗೆ, ನಾನಾ ಪೇಟೆಯ ಆ ಮುದುಕ ಪೇಂಟರ್ ಕೈಯಲ್ಲೇ ಎಳೆದ ಬಂಗಾರದ ಗೆರೆ. ಎಲ್ಲ ನೋಡಿದೆ. ನಿನ್ನ ಎಡಗೈ ತೊಡೆ ಮೇಲಿತ್ತು. ಗೇರ್ ಬದಲಾಯಿಸಿ ಕ್ಯಾಮೆರಾ ಕಡೆ ನೋಡಿ ನಕ್ಕಿದ್ದಿ. ಥೇಟ್ ಕಾಕಾ.

ನಂಬಿಕೆ ಯಾರ ಮೇಲೆ ಇಲ್ಲ ಅಂದರೆ, ಆ ಎಡಗೈ ಮೇಲೆ ಇಲ್ಲ.

ನೀನು ಹೇಳಿದ್ದು ನನಗೆ ಅರ್ಥವಾಗದೆ ಇಲ್ಲ. ಹೊಸದಾಗಿ ಬೋರ್ ಮಾಡಿಸಿದ ಇಂಜಿನ್ನಿಗೆ ಹೇಗಿದ್ದರೂ ರನ್ನಿಂಗ್-ಇನ್ ಬೇಕು, ಹೊಸ ಭಾಗಗಳು ಹೊಂದಿಕೊಳ್ಳುವವರೆಗೆ ಮೆಲ್ಲಗೆ ಓಡಿಸಬೇಕು, ಬೆಂಗಳೂರಿನ 840 ಕಿಲೋಮೀಟರ್‌ನಲ್ಲೇ ಅದೂ ಮುಗಿಯುತ್ತದೆ ಅಂದಿ. ಸರಿಯಾಗೇ ಇದೆ. ಆದರೆ ಇಂಜಿನ್ ಸೀಜ್ ಆಗುವುದೂ, ಅಂದರೆ ಪಿಸ್ಟನ್ ಕಚ್ಚಿ ನಿಲ್ಲುವುದೂ, ಹೆಚ್ಚಾಗಿ ಆ ಮೊದಲ ಐನೂರು ಕಿಲೋಮೀಟರ್‌ನಲ್ಲೇ. ಪಿಸ್ಟನ್ ಓಡಾಡುವ 65 ಮಿಲಿಮೀಟರಿನ ಬೋರು ದೊಡ್ಡದು ಮಾಡಿಸಿ ಹೊಸ ಪಿಸ್ಟನ್ ಹಾಕಿದ್ದೇವೆ. ನಡುವಿನ ಸಂದು ಕೂದಲೆಳೆಗಿಂತ ಜಾಸ್ತಿ ಇಲ್ಲ. ಪಿಸ್ಟನ್ ಕಾದು ಹಿಗ್ಗಿದರೆ ಮುಗಿಯಿತು. ಪೇಟೆಯಲ್ಲಿ ನಿಂತು ನಿಂತು ಓಡಿಸುವುದು ಬೇರೆ, ಹೈವೇಯಲ್ಲಿ ಗಂಟೆಗಟ್ಟಲೆ ಒಂದೇ ಸಮ ಓಡಿಸುವುದು ಬೇರೆ. ಒಂದೇ ವೇಗ ಹಿಡಿದು ಕೂರಬೇಡ. ಏರಿಸು, ಇಳಿಸು, ಇಂಜಿನ್ನಿಗೆ ಉಸಿರಾಡಲು ಬಿಡು. ಅರವತ್ತು ದಾಟಬೇಡ. ಬಂಕಿನಲ್ಲಿ ಈಗ ಸಿಗುವುದು ಇ20 ಪೆಟ್ರೋಲು, ಅದರಲ್ಲಿ ಐದರಲ್ಲಿ ಒಂದು ಪಾಲು ಎಥೆನಾಲ್. ಕಾರ್ಬುರೇಟರಿನಲ್ಲಿ ಪೆಟ್ರೋಲು ಬಿಡುವ ಆ ಹಳೇ ಜೆಟ್ಟಿನ ಸಣ್ಣ ತೂತಿನಲ್ಲಿ ಅದು ತೆಳುವಾಗಿ ಉರಿದು ಇಂಜಿನ್ ಕಾಯಿಸುತ್ತದೆ. ದೊಡ್ಡ ಜೆಟ್ ಹಾಕಿದ್ದು ನೀನೇ, ಆದರೂ ಚಹಾಕ್ಕೆ ನಿಂತಾಗ ಪ್ಲಗ್ ಬಿಚ್ಚಿ ನೋಡು. ಕಂದು ಬಣ್ಣ ಇದ್ದರೆ ಮುಂದೆ ಹೋಗು. ಬೆಳ್ಳಗಿದ್ದರೆ ಅಲ್ಲೇ ನಿಲ್ಲು, ನನಗೆ ಫೋನ್ ಮಾಡು. ಬಲಗಡೆ, ಡೈನಮೋ ಪಕ್ಕದ ಸೀಲ್ ಗಾಳಿ ಎಳೆದರೂ ಇದೇ ಕಥೆ. ಅದು ನಾವು ಸೋಪಿನ ನೊರೆ ಹಚ್ಚಿ ನೋಡಿದ ಸೀಲ್ ಹೌದು, ಆದರೆ ಈಗ ಸಿಗುವ ರಬ್ಬರಿನ ಮೇಲೆ ನನಗೆ ಅಷ್ಟು ಭರವಸೆ ಇಲ್ಲ. ಎಣ್ಣೆ ಲೀಟರಿಗೆ 40 ಮಿಲಿ. ‘ಇನ್ನೂ ಸ್ವಲ್ಪ ಹಾಕು’ ಅಂತ ನಾನಂದಾಗ ನೀನು ನಕ್ಕಿದ್ದಿ, ಎಣ್ಣೆ ಜಾಸ್ತಿಯಾದಷ್ಟು ಪೆಟ್ರೋಲು ಕಡಿಮೆಯಾಗಿ ಇಂಜಿನ್ ಇನ್ನೂ ಕಾಯುತ್ತದೆ ಅಂತ. ಆಮೇಲೆ ಕೂತು ಯೋಚಿಸಿದೆ, ನೀನು ಹೇಳಿದ್ದು ನಿಜ. 40 ಅಂದರೆ 40.

ಕತ್ತಲಾದ ಮೇಲೆ ಓಡಿಸಬೇಡ. ಆರು ವೋಲ್ಟಿನ ದೀಪ ಅದು, ನಿಂತಾಗ ದೀಪವೇ ಇಲ್ಲ ಅನ್ನಿಸುತ್ತದೆ. ಎರಡೂ ಡ್ರಮ್ ಬ್ರೇಕ್. ಮುಂದಿನ ಕಾರಿನವನು ಗಕ್ಕನೆ ನಿಲ್ಲುತ್ತಾನೆ, ನೀನು ನಿಲ್ಲುವುದಿಲ್ಲ. ಬೆಳಿಗ್ಗೆ ಬೇಗ ಹೊರಡು, ಮಧ್ಯಾಹ್ನದ ಬಿಸಿಲಿಗೆ ಗಾಡಿಯನ್ನು ನೆರಳಿಗೆ ಹಾಕು. ಊಟ ಬಿಡಬೇಡ. ನೀರು ಕುಡಿ. ನೋಡು, ಉಪದೇಶ ಬೇಡ ಅಂತ ಶುರು ಮಾಡಿದವನು ಎಲ್ಲಿಗೆ ಬಂದೆ.

ಆದರೆ ಇದೊಂದು ಮಾತ್ರ ಕೇಳಲೇಬೇಕು. ಖಂಬಾಟಕಿ ಘಾಟ್ ಹತ್ತಿ ಆ ಕಡೆ ಇಳಿಯುವಾಗ ನಡುನಡುವೆ ಕ್ಲಚ್ ಹಿಡಿದು ಎಕ್ಸಲೇಟರ್ ತಿರುವು. ಇಂಜಿನ್ನಿಗೆ ಒಂದು ಗುಟುಕು ಎಣ್ಣೆ ಹೋಗಲಿ. ಎಡಗೈಯ ಎರಡು ಬೆರಳು ಸದಾ ಕ್ಲಚ್ ಮೇಲೆ ಇರಲಿ. ಇಳಿಜಾರಿನಲ್ಲಿ ಮಾತ್ರ ಅಲ್ಲ, ಇಡೀ ದಾರಿ. ರಸ್ತೆ ಸಪಾಟಾಯಿತು, ಇನ್ನೇನು ಅಂತ ಕೈ ತೊಡೆಗೆ ಇಳಿಸಬೇಡ. ಸದ್ದು ಒಂಚೂರು ಬದಲಾದರೂ, ಗಾಡಿ ಹಿಂದಕ್ಕೆ ಎಳೆದ ಹಾಗೆ ಆದರೂ, ಯೋಚಿಸಬೇಡ, ಕ್ಲಚ್ ಎಳಿ. ಯೋಚನೆ ಆಮೇಲೆ.

ಕಾಗದಪತ್ರದ ವಿಷಯ. ಕಾಕೂ ಕೊಟ್ಟ ಆರ್‌ಸಿ ನಿನ್ನ ಹೆಸರಿಗೆ ಆಗಿದೆ, ಐದು ವರ್ಷಕ್ಕೆ ರಿನ್ಯೂ ಕೂಡ ಆಗಿದೆ. ಐವತ್ತು ವರ್ಷ ದಾಟಿದೆ, ವಿಂಟೇಜ್ ನಂಬರ್ ಮಾಡಿಸೋಣ ಅಂತ ನಾನು ಹಿಂದೆ ಬಿದ್ದಿದ್ದೆ. 2021ರ ನಿಯಮ ಓದಿ ಬೇಡ ಅಂದವಳು ನೀನು. ಆ ನಂಬರ್ ಹಾಕಿಸಿದರೆ ದಿನಾ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿ ಅಂತ ಇದ್ದಾಗಷ್ಟೇ ಹೊರಗೆ. ‘ಶೋಕೇಸಿಗೆ ಇಡಾಕ ಕೈ ಕಪ್ಪು ಮಾಡ್ಕೊಂಡೇನೇನು?’ ಅಂದಿ. ಆಗಲೇ ನನಗೆ ಹೊಳೆಯಬೇಕಿತ್ತು ನೀನು ಪಾರ್ಸೆಲ್ ಒಪ್ಪುವವಳಲ್ಲ ಅಂತ.

ಕೊಲ್ಹಾಪುರದವರೆಗೆ ನಾನು ಕಾರಿನಲ್ಲಿ ಹಿಂದೆ ಬರುತ್ತೇನೆ. ನಿಮ್ಮವ್ವನೂ ಬರುತ್ತಾಳೆ, ಮಹಾಲಕ್ಷ್ಮಿ ದರ್ಶನ ಅಂತ ನೆಪ ಇದೆ. ಅಲ್ಲಿಂದ ಮುಂದೆ ನಿನ್ನಷ್ಟಕ್ಕೆ ಹೋಗು. ಇದಕ್ಕಿಂತ ಕೆಳಗೆ ನಾನು ಇಳಿಯುವುದಿಲ್ಲ. ರಾತ್ರಿ ಧಾರವಾಡದಲ್ಲಿ ಕಾಕೂನ ಮನೆಯಲ್ಲಿ ಉಳಿ. ಅವಳಿಗೆ ಮೊದಲೇ ಫೋನ್ ಮಾಡಿ ಹೇಳಿರು. ಸಂಜೆ ಹೊತ್ತು ಗೇಟಿನ ಹತ್ತಿರ ಆ ಸದ್ದು ಕೇಳಿ ಅವಳು ಗಾಬರಿಯಾಗಬಾರದು.

ಪಿಸ್ಟನ್ ನನ್ನ ಟೇಬಲ್ ಮೇಲಿದೆ. ಬೇಕಾದರೆ ತಗೊಂಡು ಹೋಗು, ಬೇಡವಾದರೆ ಇಲ್ಲೇ ಇರಲಿ.

ಇನ್ನೊಂದು. ಬರುವಾಗ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎರಡು ಕ್ಲಚ್ ಕೇಬಲ್ ತಗೊಂಡು ಬಾ. ಒಂದು ಹಾಕೋಣ, ಇನ್ನೊಂದು ಟೂಲ್ ಡಬ್ಬಿಯಲ್ಲಿ ಇರಲಿ. ಇಲ್ಲಿ ನಾನಾ ಪೇಟೆಯಲ್ಲೂ ಸಿಗುತ್ತದೆ, ಆದರೆ ಹೋದ ಸಲ ತಂದದ್ದು ಉದ್ದ ಕಡಿಮೆ ಬಂತು. ಅಂಗಡಿಯಲ್ಲೇ ಹಳೇದಕ್ಕೆ ಹಿಡಿದು ಅಳೆದು ತಗೋ. ಹಳೇದು ನಿನ್ನ ಬ್ಯಾಗಿನ ಚಿಕ್ಕ ಜಿಪ್ಪಿನಲ್ಲಿದೆ, ನಾನೇ ಹಾಕಿದ್ದೆ.

ನಿನ್ನ,
ಅಪ್ಪ