ಕ್ಯಾಪ್ಟನ್ ಪಿಕಾರ್ಡ್ ಹೇಳಿದ ಅರ್ಥ

ಲೀಡ್ಸ್, ಇಂಗ್ಲೆಂಡ್

ಪ್ರೀತಿಯ ಅಪ್ಪನಿಗೆ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ. ತೋಟಕ್ಕೆ ಎರಡನೇ ಮದ್ದು ಬಿಟ್ಟಾಯಿತು ಅಂತ ಅಮ್ಮ ಹೇಳಿದಳು. ಈ ಮಳೆಗೆ ಕೊಳೆರೋಗದ್ದೇ ಚಿಂತೆಯಾಗಿತ್ತು, ಸಮಾಧಾನವಾಯಿತು.

ರಾತ್ರಿ ಕೂತು ನೋಡುತ್ತೀಯಲ್ಲ, ಆ ಧಾರಾವಾಹಿಯಲ್ಲಿ ಅಂಥದ್ದೇನಿದೆ ಅಂತ ಕೇಳಿದ್ದಿರಿ. ಫೋನಿನಲ್ಲಿ ಹೇಳಿ ಮುಗಿಯುವುದಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅದು ‘ಸ್ಟಾರ್ ಟ್ರೆಕ್: ದ ನೆಕ್ಸ್ಟ್ ಜನರೇಶನ್’. 1987ರಿಂದ 1994ರವರೆಗೆ ಬಂದದ್ದು. 24ನೇ ಶತಮಾನದ ಕಥೆ. ಭೂಮಿಯಲ್ಲಿ ಹಸಿವು, ಬಡತನ ಇಲ್ಲ. ಒಂದು ದೊಡ್ಡ ನೌಕೆಯಲ್ಲಿ ಹೊಸ ಲೋಕಗಳನ್ನು ತಿಳಿಯಲು ಹೊರಟವರು. ಕ್ಯಾಪ್ಟನ್ ಪಿಕಾರ್ಡ್ ಕಷ್ಟದ ಹೊತ್ತಿನಲ್ಲೂ ಮೇಜಿನ ಸುತ್ತ ಎಲ್ಲರನ್ನೂ ಕೂರಿಸಿ ಅಭಿಪ್ರಾಯ ಕೇಳುತ್ತಾನೆ. ಆ ಪಾತ್ರ ಮಾಡಿದ ಪ್ಯಾಟ್ರಿಕ್ ಸ್ಟೀವರ್ಟ್ ಹುಟ್ಟಿದ್ದು ಇಲ್ಲೇ ಹತ್ತಿರದ ಮಿರ್‌ಫೀಲ್ಡ್‌ನಲ್ಲಿ. ಮೊದಲು ವರ್ಷಗಟ್ಟಲೆ ಶೇಕ್ಸ್‌ಪಿಯರ್ ನಾಟಕ ಆಡಿದವರು. ಆ ಸ್ವರ ಕೇಳಿದರೆ ನಿಮಗೇ ಗೊತ್ತಾಗುತ್ತದೆ.

1989ರಲ್ಲಿ ಬಂದ ಒಂದು ಭಾಗ ನೀವು ನೋಡಲೇಬೇಕು. ನೌಕೆಯಲ್ಲಿ ಡೇಟಾ ಅಂತ ಒಬ್ಬ ಅಧಿಕಾರಿ, ಯಂತ್ರಮಾನವ. ಅವನನ್ನು ಬಿಚ್ಚಿ ನೋಡಿ, ಅವನಂಥವರನ್ನು ಸಾಲುಸಾಲಾಗಿ ತಯಾರಿಸಬೇಕು ಅಂತ ಒಬ್ಬ ವಿಜ್ಞಾನಿಗೆ ಆಸೆ. ಡೇಟಾ ಒಪ್ಪುವುದಿಲ್ಲ, ರಾಜೀನಾಮೆ ಕೊಡುತ್ತಾನೆ. ‘ಇವನು ಇಲಾಖೆಯ ಸೊತ್ತು, ಸೊತ್ತು ರಾಜೀನಾಮೆ ಕೊಡುವುದುಂಟಾ’ ಅಂತ ವಿಜ್ಞಾನಿಯ ವಾದ. ವಿಚಾರಣೆ ನಡೆಯಬೇಕು, ವಕೀಲರಿಲ್ಲ. ಡೇಟಾನ ಪರ ಪಿಕಾರ್ಡ್. ವಿರುದ್ಧ ಯಾರು ಗೊತ್ತಾ? ಡೇಟಾನ ಗೆಳೆಯ ರೈಕರ್! ಅವನು ಮನಸಿಟ್ಟು ವಾದಿಸದಿದ್ದರೆ ವಿಚಾರಣೆಯೇ ಇಲ್ಲ, ಡೇಟಾ ಸೊತ್ತೇ ಅಂತ ತೀರ್ಪು.

ಅರ್ಥಧಾರಿ ಶೇಣಿಯವರ ಅರ್ಥ ಕೇಳಿ ಬೆಳೆದವಳಿಗೆ ಆಗ, ವೇಷ ಕುಣಿತ ಇಲ್ಲದೆ ಕೂತು ಪಾತ್ರದ ಮಾತನ್ನು, ಅಂದರೆ ಅರ್ಥವನ್ನು, ಹೇಳುವ ನಮ್ಮ ತಾಳಮದ್ದಳೆಯೇ ನೆನಪಾಯಿತು. ರಾಮನಿಗೆ ದಿನಾ ಕೈಮುಗಿಯುವವರೇ ವಾಲಿಯಾಗಿ ಕೂತರೆ ರಾಮನನ್ನು ಬಿಡುವುದಿಲ್ಲ. ಅಲ್ಲಿ ಸಡಿಲ ಬಿಟ್ಟರೆ ರಾಮನಿಗೂ ಮರ್ಯಾದೆ ಅಲ್ಲ, ಅಲ್ವಾ?

ರೈಕರ್ ಸಡಿಲ ಬಿಡುವುದಿಲ್ಲ. ಒಬ್ಬನೇ ಕೂತು ಡೇಟಾನ ನಕ್ಷೆ ನೋಡುತ್ತಾನೆ. ವಾದಕ್ಕೆ ಬೇಕಾದದ್ದು ಸಿಕ್ಕಿದಾಗ ಮುಖ ಅರಳುತ್ತದೆ. ಮರುಕ್ಷಣವೇ, ತಾನೇನು ಕಂಡುಹಿಡಿದೆ ಅಂತ ಹೊಳೆದು, ಬಾಡಿಹೋಗುತ್ತದೆ. ವಿಚಾರಣೆಯಲ್ಲಿ ಎಲ್ಲರೆದುರು ಡೇಟಾನ ಕೈ ಕಳಚಿ ಇಡುತ್ತಾನೆ. ಆಮೇಲೆ ಸ್ವಿಚ್ ಒತ್ತಿ ಅವನನ್ನೇ ಆರಿಸುತ್ತಾನೆ. ಡೇಟಾ ಕೂತಲ್ಲೇ ಮುಂದಕ್ಕೆ ಬೀಳುತ್ತಾನೆ.

ಪಿಕಾರ್ಡ್‌ಗೆ ಸೋತೆ ಅನ್ನಿಸುತ್ತದೆ. ಅವನಿಗೆ ದಾರಿ ತೋರಿಸುವುದು ಗೈನನ್ ಎಂಬ ಗೆಳತಿ. ಅವಳ ಪಾತ್ರ ಮಾಡಿದ್ದು ವೂಪಿ ಗೋಲ್ಡ್‌ಬರ್ಗ್, ಕಪ್ಪು ಜನಾಂಗದ ನಟಿ. ಒಬ್ಬ ಡೇಟಾ ಬಿಡಿ, ಸಾವಿರಾರು ಡೇಟಾಗಳನ್ನು ಮಾಡಿ ದುಡಿಸಿಕೊಂಡರೆ ಅದೇನು ಅಂತ ಯೋಚಿಸು ಅನ್ನುತ್ತಾಳೆ. ಅದು ಗುಲಾಮಗಿರಿ ಅಂತ ಪಿಕಾರ್ಡ್‌ಗೆ ಹೊಳೆಯುತ್ತದೆ. ಅವಳು ಹಾಗೆ ಯೋಚಿಸು ಅಂದದ್ದು ಕೇಳಿದಾಗ ನನ್ನ ಮೈ ಜುಂ ಅಂದಿತು. ಪಿಕಾರ್ಡ್ ಅದನ್ನೇ ಹಿಡಿದು ವಾದಿಸಿ ಗೆಲ್ಲುತ್ತಾನೆ.

ಗೆದ್ದ ಡೇಟಾ ವಿಜ್ಞಾನಿಯ ಮೇಲೆ ಹಗೆ ಸಾಧಿಸುವುದಿಲ್ಲ. ಸಂಶೋಧನೆ ಮುಂದುವರಿಸಿ ಅನ್ನುತ್ತಾನೆ. ಸಂತೋಷಕೂಟಕ್ಕೆ ಬಾರದೆ ಕೂತ ರೈಕರ್‌ನನ್ನು ಹುಡುಕಿಕೊಂಡು ತಾನೇ ಹೋಗುತ್ತಾನೆ. ನಿನಗೆ ನೋವಾದರೂ ನೀನು ವಾದಿಸಿದ್ದರಿಂದಲೇ ನಾನು ಉಳಿದೆ, ಮರೆಯುವುದಿಲ್ಲ ಅನ್ನುತ್ತಾನೆ. ನನಗೆ ಇವರೆಲ್ಲ ಇಷ್ಟವಾಗುವುದು ಇದಕ್ಕೇ ಅಪ್ಪ. ಒಳ್ಳೆಯವರಾಗಿರಲು ಇವರಿಗೆ ನಾಚಿಕೆಯಿಲ್ಲ. ಈಗಿನ ಧಾರಾವಾಹಿಗಳಲ್ಲಿ ಒಳ್ಳೆಯವನೆಂದರೆ ಪೆದ್ದ, ಇಲ್ಲವೇ ಒಳಗೊಳಗೆ ಕಳ್ಳ. ನನಗದು ಸೇರುವುದಿಲ್ಲ.

ಊರಿಗೆ ಬಂದಾಗ ಒಟ್ಟಿಗೆ ನೋಡೋಣ. ಇಂಗ್ಲಿಷ್ ವೇಗವಾದರೆ ಅಲ್ಲಲ್ಲಿ ನಿಲ್ಲಿಸಿ ಹೇಳುತ್ತೇನೆ. ರೈಕರ್‌ನ ಅರ್ಥ ಹೇಗಾಯಿತು ಅಂತ ನಿಮ್ಮಿಂದಲೇ ಕೇಳಬೇಕು. ಬದಿಯಡ್ಕ ಕಡೆ ಈ ಸಲ ತಾಳಮದ್ದಳೆ ಕೂಟ ಎಲ್ಲೆಲ್ಲಿ, ಯಾವ ಪ್ರಸಂಗ ಅಂತ ಬರೆಯಿರಿ. ಅಮ್ಮನಿಗೆ ನಮಸ್ಕಾರ ತಿಳಿಸಿ.

ಇತಿ ನಿಮ್ಮ ಮಗಳು