ಡ್ರೂಯಿಡ್ ಕವಚ: ಯಾವ ಆವೃತ್ತಿಯ ನಿಯಮ?

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಬಂದ ಟೇಬಲ್‌ಟಾಪ್ ಆಟಗಳ ಲೇಖನ ಹೊಸಬರಿಗೆ ಉಪಯುಕ್ತವಾಗಿದೆ. ಆದರೆ ಪಾತ್ರ ವಹಿಸಿ ದಾಳ ಉರುಳಿಸಿ ಆಡುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಲ್ಲಿ ಡ್ರೂಯಿಡ್ (ಪ್ರಕೃತಿಯ ಮಂತ್ರಶಕ್ತಿಯುಳ್ಳ ಪಾತ್ರ) ಲೋಹದ ಕವಚ ತೊಟ್ಟರೆ ಮಂತ್ರಶಕ್ತಿ ಹೋಗುತ್ತದೆ ಎಂಬ ಮಾತು ಎಲ್ಲ ಆವೃತ್ತಿಗೂ ಸಲ್ಲದು.

1978ರ ನಿಯಮಗಳಲ್ಲಿ ಡ್ರೂಯಿಡ್‌ಗೆ ಚರ್ಮದ ಕವಚ, ಮರದ ಗುರಾಣಿ ಅಷ್ಟೇ. 2000ದ ಮೂರನೇ ಆವೃತ್ತಿ ಶಿಕ್ಷೆಯನ್ನು ಸ್ಪಷ್ಟವಾಗಿ ಬರೆಯಿತು: ನಿಷಿದ್ಧ ಕವಚ ಮೈಮೇಲಿರುವಷ್ಟು ಹೊತ್ತು, ಕಳಚಿದ ಮೇಲೂ 24 ಗಂಟೆ ಮಂತ್ರ ಬಂದ್. 2014ರ ಐದನೇ ಆವೃತ್ತಿ ಮಾತ್ರ ‘ತೊಡುವುದಿಲ್ಲ’ ಎಂದಷ್ಟೇ ಹೇಳಿ ಸುಮ್ಮನಾಯಿತು. ತೊಟ್ಟರೆ ಏನಾಗುತ್ತದೆ? ಒಂದು ಸಾಲೂ ಇಲ್ಲ. ಜಗಳ ಶುರುವಾಗುವುದೇ ಇಲ್ಲಿ. (ಕೈಯಲ್ಲಿ ಕಬ್ಬಿಣದ ಕುಡುಗೋಲು ಹಿಡಿಯಬಹುದು, ಮೈಗೆ ಮಾತ್ರ ಕಬ್ಬಿಣ ತಾಗಬಾರದು ಎಂಬುದು ಇನ್ನೊಂದು ವಿಚಿತ್ರ.) 2024ರ ಪರಿಷ್ಕರಣೆಯಲ್ಲಿ ನಿಷೇಧವನ್ನೇ ತೆಗೆದಿದ್ದಾರೆ, ಮಧ್ಯಮ ಕವಚ (ಹಗುರಕ್ಕೂ ಭಾರಕ್ಕೂ ನಡುವಿನ ವರ್ಗ) ಬೇಕಾದವರು ಪಾತ್ರದ ಮೊದಲ ಹಂತದಲ್ಲೇ ‘ವಾರ್ಡನ್’ ಎಂಬ ಆಯ್ಕೆ ಮಾಡಿಕೊಂಡರಾಯಿತು.

ಇನ್ನೂ 2014ರ ನಿಯಮದಲ್ಲಿ ಆಡುವವರು ಲೆಕ್ಕ ನೋಡಲಿ. ಡೆಕ್ಸ್ಟೆರಿಟಿ (ಪಾತ್ರದ ಚುರುಕುತನದ ಅಂಕ) 14 ಇದ್ದರೆ ತೊಗಲಿನ ‘ಹೈಡ್’ ಕವಚಕ್ಕೆ ಆರ್ಮರ್ ಕ್ಲಾಸ್ (ಏಟು ತಾಗಿಸಲು ಎದುರಾಳಿ ದಾಳದಲ್ಲಿ ಮುಟ್ಟಬೇಕಾದ ಅಂಕ) 14, ಮರದ ಗುರಾಣಿ ಸೇರಿ 16. ಅದೇ ಗುರಾಣಿಯ ಜೊತೆ ಲೋಹದ ಎದೆಕವಚ ‘ಬ್ರೆಸ್ಟ್‌ಪ್ಲೇಟ್’ ಆದರೆ 18, ಇನ್ನೂ ಗಟ್ಟಿಯಾದ ‘ಹಾಫ್ ಪ್ಲೇಟ್’ ಆದರೆ 19. ಇಪ್ಪತ್ತು ಮುಖದ ದಾಳದಲ್ಲಿ ಒಂದು ಅಂಕ ಎಂದರೆ ಶೇ 5. ಹಾಫ್ ಪ್ಲೇಟ್‌ಗೆ 750 ಚಿನ್ನದ ನಾಣ್ಯ, 40 ಪೌಂಡ್ ತೂಕ, ಜೊತೆಗೆ ಸದ್ದಿಲ್ಲದೆ ನಡೆಯಲು ತೊಡಕು. ಹಾಗಾಗಿ ಆಟಗಾರರ ಕಣ್ಣು ಬೀಳುವುದು 400 ನಾಣ್ಯದ ಬ್ರೆಸ್ಟ್‌ಪ್ಲೇಟ್ ಮೇಲೆ.

ಹೊಸಬರು ಎಡವುವ ಜಾಗ ‘ಬಾರ್ಕ್‌ಸ್ಕಿನ್’ ಎಂಬ ಮಂತ್ರ. 2014ರಲ್ಲಿ ಆ ಮಂತ್ರ ಆರ್ಮರ್ ಕ್ಲಾಸ್ 16ಕ್ಕಿಂತ ಇಳಿಯದಂತೆ ನೋಡಿಕೊಳ್ಳುತ್ತದೆಯೇ ಹೊರತು ಇದ್ದದ್ದಕ್ಕೆ ಏನನ್ನೂ ಕೂಡಿಸುವುದಿಲ್ಲ. ಮೇಲಿನ ಲೆಕ್ಕದ ಡ್ರೂಯಿಡ್‌ಗೆ ಗುರಾಣಿ ಸೇರಿ ಆಗಲೇ 16 ಇರುವುದರಿಂದ ಎರಡನೇ ಹಂತದ ಸ್ಲಾಟೂ (ಮಂತ್ರ ಹಾಕಲು ಇರುವ ಮಿತ ಅವಕಾಶ) ದಂಡ, ಕಾನ್ಸನ್ಟ್ರೇಷನ್ನೂ (ಒಮ್ಮೆಗೆ ಒಂದೇ ಮಂತ್ರದ ಮೇಲೆ ಇಡಬಹುದಾದ ಏಕಾಗ್ರತೆ) ದಂಡ. ‘ಸ್ಟಡೆಡ್ ಲೆದರ್’ ಕವಚದ ಗುಂಡಿಗಳು ಲೋಹವೋ ಅಲ್ಲವೋ ಎಂಬ ವಾದವೂ ಅಷ್ಟೇ. ಡೆಕ್ಸ್ಟೆರಿಟಿ 16 ಮುಟ್ಟುವವರೆಗೆ 45 ನಾಣ್ಯದ ಅದಕ್ಕೂ 10 ನಾಣ್ಯದ ಹೈಡ್‌ಗೂ ಅಂಕದಲ್ಲಿ ವ್ಯತ್ಯಾಸವಿಲ್ಲ.

ನಿಷೇಧ ಉಳಿಸಿಕೊಂಡು ಆಮೆಚಿಪ್ಪು ಅಥವಾ ಡ್ರ್ಯಾಗನ್ ಹುರುಪೆಯ ಬ್ರೆಸ್ಟ್‌ಪ್ಲೇಟ್ ಕೊಡುವ ಡಿಎಂಗಳಿದ್ದಾರೆ (ಆಟ ನಡೆಸಿಕೊಡುವವರು). ಒಳ್ಳೆಯ ದಾರಿಯೇ, ಆದರೆ ಅದೇ 400 ನಾಣ್ಯಕ್ಕೆ ಅಂಗಡಿಯಲ್ಲಿ ಮಾರಬಾರದು. ಯಾಕೆಂದರೆ ‘ಹೀಟ್ ಮೆಟಲ್’ ಮಂತ್ರ ಲೋಹದ ಕವಚ ತೊಟ್ಟವರಿಗೆ ಒಂದೊಂದು ಸುತ್ತಿನಲ್ಲೂ 2ಡಿ8 (ಎಂಟು ಮುಖದ ಎರಡು ದಾಳಗಳಷ್ಟು) ಬೆಂಕಿಯ ಏಟು ಕೊಡುತ್ತದೆ. ಮಧ್ಯಮ ಕವಚ ಕಳಚಲು ಬೇಕಾದದ್ದು ಒಂದು ನಿಮಿಷ, ಎಂದರೆ ಹತ್ತು ಸುತ್ತು. ಮಂತ್ರದ ಆಯುಸ್ಸೂ ಅಷ್ಟೇ. 2014ರ ನಿಯಮದಲ್ಲಿ ‘ಶಾಕಿಂಗ್ ಗ್ರಾಸ್ಪ್’ ಮಂತ್ರ ಪ್ರಯೋಗಿಸುವವರಿಗೂ ಲೋಹ ತೊಟ್ಟ ಎದುರಾಳಿ ಸುಲಭದ ಗುರಿ. ಚಿಪ್ಪಿನ ಕವಚಕ್ಕೆ ಇವೆರಡರ ಭಯವೂ ಇಲ್ಲ. ಆದ್ದರಿಂದ ಚಿಪ್ಪನ್ನು ಆಟಗಾರರೇ ಬೇಟೆಯಾಡಿ ತರಲಿ, ಹೊಲಿಯುವವನನ್ನೂ ಅವರೇ ಹುಡುಕಲಿ.

– ಒಬ್ಬ ಓದುಗ, ಮೈಸೂರು